ಅಡಿಷನಲ್ ಇನ್ಶೂರ್ಡ್ ಎಂಡಾರ್ಸ್‌ಮೆಂಟ್: ವರ್ಕ್ ಆರ್ಡರ್‌ನಿಂದ ಕ್ಲೇಮ್‌ವರೆಗೆ, ಯಾವುದು ಮೊದಲು, ಯಾವುದು ಆಮೇಲೆ

"ನಿಮ್ಮ ಲಯಬಿಲಿಟಿ ಪಾಲಿಸಿಯಲ್ಲಿ ನಮ್ಮ ಹೆಸರು ಸೇರಿಸಿ ಕೊಡಿ" ಎಂದು ಪಾರ್ಟಿ ಕೇಳಿದಾಗ ಮಂಗಳೂರು, ಉಡುಪಿ ಕಡೆಯ ಸಣ್ಣ ಉದ್ಯಮದವರು ಮಾಡುವ ತಪ್ಪು ಹೆಚ್ಚುಕಡಿಮೆ ಒಂದೇ. (ಲಯಬಿಲಿಟಿ ಪಾಲಿಸಿ ಎಂದರೆ ನಿಮ್ಮಿಂದ ಇನ್ನೊಬ್ಬರಿಗೆ ಹಾನಿಯಾದರೆ ಆ ಹೊಣೆ ಹೊರುವ ವಿಮೆ.) ಮೊದಲು ಕೆಲಸ ಶುರುವಾಗುತ್ತದೆ. ಬಿಲ್ ಪಾಸಾಗುವ ಹೊತ್ತಿಗೆ ವಿಮೆ ಕಾಗದ ಕೇಳುತ್ತಾರೆ. ಆಗ ಏಜೆಂಟರಿಗೆ ಫೋನ್ ಹೋಗುತ್ತದೆ. ಸಂಜೆಯೊಳಗೆ ವಾಟ್ಸಾಪ್‌ಗೆ ಒಂದು ಸರ್ಟಿಫಿಕೇಟ್ ಬರುತ್ತದೆ, ಫೈಲಿಗೆ ಸೇರುತ್ತದೆ. ಪಾಲಿಸಿಯಲ್ಲಿ ಆ ಹೆಸರೇ ಇಲ್ಲ ಎಂದು ಗೊತ್ತಾಗುವುದು ಅವಘಡ ಆದ ಮೇಲೆ.

ಇಲ್ಲಿ ಕೆಟ್ಟದ್ದು ಹಂತಗಳ ಕ್ರಮ. ಕರಾರು ಓದಬೇಕು, ಪಾಲಿಸಿ ನೋಡಬೇಕು, ಎಂಡಾರ್ಸ್‌ಮೆಂಟ್ (ಪಾಲಿಸಿಗೆ ಕಂಪನಿ ಲಗತ್ತಿಸುವ ತಿದ್ದುಪಡಿ ಪುಟ) ಕೈಗೆ ಬರಬೇಕು, ಆಮೇಲೆ ಕೆಲಸ ಶುರುವಾಗಬೇಕು. ಈ ಕ್ರಮ ತಪ್ಪಿದರೆ ಪ್ರೀಮಿಯಂ ಎಷ್ಟು ಕಟ್ಟಿದರೂ ಉಪಯೋಗ ಕಡಿಮೆ.

## ಶುರು ಮಾಡುವ ಮೊದಲು: ಯಾರು ಯಾರು?

ಪಾಲಿಸಿ ತೆಗೆದುಕೊಂಡವರು ನೀವು. ಪ್ರೀಮಿಯಂ ನಿಮ್ಮದು, ಪಾಲಿಸಿ ಬದಲಾಯಿಸುವ, ರದ್ದು ಮಾಡುವ ಹಕ್ಕೂ ನಿಮ್ಮದೇ.

ಅಡಿಷನಲ್ ಇನ್ಶೂರ್ಡ್ ಎಂದರೆ ಅದೇ ಪಾಲಿಸಿಯೊಳಗೆ ನೀವು ಜಾಗ ಕೊಟ್ಟ ಇನ್ನೊಬ್ಬರು. ಅದು ಕೆಲಸ ಕೊಟ್ಟ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಇರಬಹುದು, ಕಟ್ಟಡದ ಮಾಲೀಕರು ಇರಬಹುದು, ನಿಮ್ಮ ಗೋಡಂಬಿ ಕೊಳ್ಳುವ ಅಮೆರಿಕದ ಕಂಪನಿ ಇರಬಹುದು. ನಿಮ್ಮ ಕೆಲಸದಿಂದ ಅಥವಾ ಸರಕಿನಿಂದ ಮೂರನೆಯವರಿಗೆ ಹಾನಿಯಾಗಿ, ಅವರು ನಿಮ್ಮ ಜೊತೆ ಇವರ ಮೇಲೂ ಕೇಸು ಹಾಕಿದರೆ, ಇವರ ಪರವಾಗಿಯೂ ನಿಮ್ಮ ವಿಮಾ ಕಂಪನಿ ನಿಲ್ಲಬೇಕು. ಆದರೆ ನಿಮ್ಮ ಕೆಲಸಕ್ಕೆ ಸಂಬಂಧಪಟ್ಟಷ್ಟಕ್ಕೆ ಮಾತ್ರ. ಅವರದ್ದೇ ಬೇರೆ ತಪ್ಪಿಗೆ ಅಲ್ಲ.

ಸರ್ಟಿಫಿಕೇಟ್ ಹೋಲ್ಡರ್ ಎಂದರೆ "ಇವರ ಹತ್ತಿರ ಇಂಥ ಪಾಲಿಸಿ ಉಂಟು" ಎಂಬ ಮಾಹಿತಿ ಪಡೆದವರು, ಅಷ್ಟೇ. ಅವರಿಗೆ ಕ್ಲೇಮ್ ಮಾಡುವ ಹಕ್ಕು ಇಲ್ಲ. ಅಮೆರಿಕದಲ್ಲಿ ಬಳಸುವ ಅಕಾರ್ಡ್ 25 ಎಂಬ ಸರ್ಟಿಫಿಕೇಟ್ ನಮೂನೆಯ ಮೇಲ್ಭಾಗದಲ್ಲೇ ಇದನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಅಲ್ಲಿನವರೂ ಅದನ್ನು ಓದುವುದಿಲ್ಲ ಎಂಬುದು ಬೇರೆ ಮಾತು.

ಇನ್ನೊಂದು ಗೊಂದಲ ಬ್ಯಾಂಕ್ ಕ್ಲಾಜ್, ಅಂದರೆ ಬ್ಯಾಂಕಿನ ಷರತ್ತು. ಸಾಲ ಕೊಟ್ಟ ಬ್ಯಾಂಕಿನ ಹೆಸರು ಫೈರ್ ಪಾಲಿಸಿಯಲ್ಲಿ ಇರುತ್ತದಲ್ಲ, ಅದು ಆಸ್ತಿ ಸುಟ್ಟರೆ ಹಣ ಯಾರಿಗೆ ಹೋಗಬೇಕು ಎಂಬುದರ ಬಗ್ಗೆ. ಲಯಬಿಲಿಟಿಗೂ ಅದಕ್ಕೂ ಸಂಬಂಧ ಇಲ್ಲ.

## ಮೇಜಿನ ಮೇಲೆ ಏನೇನು ಇರಬೇಕು

ಸಹಿ ಆದ ಕರಾರು ಅಥವಾ ವರ್ಕ್ ಆರ್ಡರ್, ಅನುಬಂಧ ಸಮೇತ. ಪಾಲಿಸಿ ಶೆಡ್ಯೂಲ್ (ಹೆಸರು, ಮಿತಿ, ತಾರೀಕು ಇರುವ ಮೊದಲ ಪುಟಗಳು) ಮಾತ್ರ ಅಲ್ಲ, ಪಾಲಿಸಿಯ ಪೂರ್ತಿ ಒಕ್ಕಣೆ. ತುಂಬಾ ಜನರ ಹತ್ತಿರ ಮೊದಲ ಎರಡು ಪುಟ ಮಾತ್ರ ಇರುತ್ತದೆ. ಹಾಗಿದ್ದರೆ ಉಳಿದದ್ದನ್ನು ಮೇಲ್ ಮಾಡಿ ತರಿಸಿಕೊಳ್ಳಿ, ಮುಂದಿನ ಹಂತಗಳೆಲ್ಲ ಅದರ ಮೇಲೆ ನಿಂತಿವೆ. ಎದುರು ಪಾರ್ಟಿಯ ಜಿಎಸ್‌ಟಿ ಸರ್ಟಿಫಿಕೇಟ್ ಅಥವಾ ನೋಂದಣಿ ಪತ್ರದ ಪ್ರತಿ. ನಿಮ್ಮ ಕೆಳಗೆ ಕೆಲಸ ಮಾಡುವ ಸಬ್ ಕಂಟ್ರಾಕ್ಟರ್‌ಗಳ ಪಟ್ಟಿ. ಮತ್ತೆ ಒಂದು ಹೈಲೈಟರ್.

## ಹಂತ 1: ಕರಾರಿನ ವಿಮೆ ಷರತ್ತನ್ನು ಗುರುತು ಹಾಕಿ ಓದಿ

ಕರಾರಿನಲ್ಲಿ ಸಾಮಾನ್ಯವಾಗಿ ಎರಡು ಬೇರೆ ಷರತ್ತುಗಳು ಇರುತ್ತವೆ. ಒಂದು ಇಂಡೆಮ್ನಿಟಿ: "ನಿಮ್ಮಿಂದ ನಮಗೆ ನಷ್ಟ ಬಂದರೆ ನೀವು ತುಂಬಿಕೊಡಬೇಕು." ಭಾರತೀಯ ಕರಾರು ಕಾಯ್ದೆ 1872ರ 124ನೇ ಸೆಕ್ಷನ್ ಹೇಳುವುದು ಇಂಥ ಕರಾರಿನ ಬಗ್ಗೆಯೇ. ಇನ್ನೊಂದು ವಿಮೆ ಷರತ್ತು: "ನಮ್ಮನ್ನು ಅಡಿಷನಲ್ ಇನ್ಶೂರ್ಡ್ ಮಾಡಬೇಕು." ಮೊದಲನೆಯದು ನಿಮ್ಮ ಜೇಬಿನ ಮಾತು, ಎರಡನೆಯದು ವಿಮಾ ಕಂಪನಿಯ ಮಾತು. ಒಂದನ್ನು ಪೂರೈಸಿದರೆ ಇನ್ನೊಂದು ತಾನಾಗಿ ಪೂರೈಸುವುದಿಲ್ಲ.

ವಿಮೆ ಷರತ್ತಿನಲ್ಲಿ ಗುರುತು ಹಾಕಬೇಕಾದದ್ದು ಇವು. ಯಾವ ಪಾಲಿಸಿ ಕೇಳಿದ್ದಾರೆ. ಎಷ್ಟು ಮಿತಿ, ಒಂದು ಅವಘಡಕ್ಕೆ ಎಷ್ಟು, ಇಡೀ ವರ್ಷಕ್ಕೆ ಎಷ್ಟು. ಯಾವ ಹೆಸರುಗಳನ್ನು ಸೇರಿಸಬೇಕು. ಕವರ್ ಎಲ್ಲಿಯವರೆಗೆ ಇರಬೇಕು: ಕೆಲಸ ಮುಗಿಯುವ ತನಕವಾ, ಮುಗಿದ ಮೇಲೂ ಬೇಕಾ. ಕೊನೆಗೆ "ಪ್ರೈಮರಿ", "ವೇವರ್ ಆಫ್ ಸಬ್ರೋಗೇಷನ್", "ಕ್ರಾಸ್ ಲಯಬಿಲಿಟಿ" ಎಂಬ ಪದಗಳು ಎಲ್ಲಾದರೂ ಇವೆಯಾ.

ಈ ಮೂರನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪ್ರೈಮರಿ ಎಂದರೆ ಮೊದಲು ನಿಮ್ಮ ಪಾಲಿಸಿಯೇ ಹಣ ಕೊಡಬೇಕು, ಅವರ ಸ್ವಂತ ಪಾಲಿಸಿಯ ಪಾಲು ಕೇಳಬಾರದು. ಈ ಮಾತು ಬರೆದಿಲ್ಲದಿದ್ದರೆ ಎರಡೂ ಪಾಲಿಸಿಗಳು ಪಾಲು ಹಂಚಿಕೊಳ್ಳುವ ಸಾಮಾನ್ಯ ಷರತ್ತು ಅನ್ವಯಿಸುತ್ತದೆ.

ವಿಮಾ ಕಂಪನಿ ಹಣ ಕೊಟ್ಟ ಮೇಲೆ ತಪ್ಪು ಮಾಡಿದವರಿಂದ ಅದನ್ನು ವಸೂಲಿ ಮಾಡುವ ಹಕ್ಕು ಅದಕ್ಕೆ ಬರುತ್ತದೆ. ಅದು ಸಬ್ರೋಗೇಷನ್. "ನಮ್ಮ ಮೇಲೆ ಆ ಹಕ್ಕು ಚಲಾಯಿಸಬೇಡಿ" ಎಂದು ಪಾರ್ಟಿ ಕೇಳುವುದೇ ವೇವರ್. ಇದನ್ನು ವಿಮಾ ಕಂಪನಿ ಒಪ್ಪಬೇಕು. ಕಂಪನಿಗೆ ಹೇಳದೆ ನೀವೇ ಕರಾರಿನಲ್ಲಿ ಬಿಟ್ಟುಕೊಟ್ಟರೆ, "ನಮ್ಮ ಹಕ್ಕು ಕೆಡಿಸಿದಿರಿ" ಎಂದು ಅವರು ಕ್ಲೇಮಿಗೇ ತಕರಾರು ತೆಗೆಯಬಹುದು.

ಕ್ರಾಸ್ ಲಯಬಿಲಿಟಿ ಹೆಚ್ಚಿನವರು ಬಿಟ್ಟುಬಿಡುವ ಷರತ್ತು. ಅಸೋಸಿಯೇಷನ್ ಹೆಸರು ಪಾಲಿಸಿಯೊಳಗೆ ಬಂತು ಎಂದಿಟ್ಟುಕೊಳ್ಳಿ. ನಾಳೆ ನಿಮ್ಮ ಕ್ರೇನ್ ತಾಗಿ ಅವರದೇ ಗೇಟು ಮುರಿದರೆ? ಈಗ ಅವರು ಮೂರನೆಯವರಾ, ಪಾಲಿಸಿಯೊಳಗಿನವರಾ? ಕ್ರಾಸ್ ಲಯಬಿಲಿಟಿ ಇದ್ದರೆ ಪ್ರತಿಯೊಬ್ಬರನ್ನೂ ಬೇರೆ ಬೇರೆ ಪಾಲಿಸಿ ಇದ್ದವರಂತೆ ನೋಡಬೇಕು. ಇಲ್ಲದಿದ್ದರೆ ಹೆಸರು ಸೇರಿಸಿದ್ದೇ ಅವರಿಗೆ ಮುಳುವಾಗಬಹುದು.

## ಹಂತ 2: ನಿಮ್ಮ ಪಾಲಿಸಿಗೆ ಆ ಹೊರೆ ಹೊರುವ ಶಕ್ತಿ ಇದೆಯಾ ನೋಡಿ

ಎಂಡಾರ್ಸ್‌ಮೆಂಟ್ ಹೊಸ ಪಾಲಿಸಿ ಅಲ್ಲ. ಮೂಲ ಪಾಲಿಸಿಯಲ್ಲಿ ಏನು ಇಲ್ಲವೋ ಅದು ಸೇರಿಸಿಕೊಂಡವರಿಗೂ ಇಲ್ಲ. ಹಾಗಾಗಿ ಹೆಸರು ಸೇರಿಸುವ ಮೊದಲು ಮೂಲ ಪಾಲಿಸಿಯನ್ನೇ ನೋಡಬೇಕು.

ಪಾಲಿಸಿಯ ಜಾತಿ. ನಮ್ಮಲ್ಲಿ ಪಬ್ಲಿಕ್ ಲಯಬಿಲಿಟಿ, ಪ್ರಾಡಕ್ಟ್ ಲಯಬಿಲಿಟಿ, ಎರಡನ್ನೂ ಒಳಗೊಳ್ಳುವ ಕಮರ್ಷಿಯಲ್ ಜನರಲ್ ಲಯಬಿಲಿಟಿ ಎಂದು ಬೇರೆ ಬೇರೆ ಸಿಗುತ್ತವೆ. ಕಟ್ಟಡ ಕೆಲಸಕ್ಕೆ ಕಂಟ್ರಾಕ್ಟರ್ಸ್ ಆಲ್ ರಿಸ್ಕ್ ಪಾಲಿಸಿಯಲ್ಲಿ ಮೂರನೆಯವರ ಹಾನಿಯ ಭಾಗ ಇರುತ್ತದೆ. 1991ರ ಪಬ್ಲಿಕ್ ಲಯಬಿಲಿಟಿ ಇನ್ಶೂರೆನ್ಸ್ ಕಾಯ್ದೆಯ ಪಾಲಿಸಿ ಅಪಾಯಕಾರಿ ವಸ್ತು ಇಟ್ಟುಕೊಳ್ಳುವವರಿಗೆ ಕಡ್ಡಾಯ ಮಾಡಿದ ಬೇರೆಯೇ ಪಾಲಿಸಿ. ಹೆಸರು ಒಂದೇ ತರ ಕೇಳುತ್ತದೆ ಎಂದು ಅದನ್ನು ತೋರಿಸಿ ಸುಮ್ನೆ ಕೂರಬೇಡಿ.

ವ್ಯವಹಾರದ ವಿವರಣೆ ಮತ್ತು ಜಾಗ. ಶೆಡ್ಯೂಲಿನಲ್ಲಿ "ಫ್ಯಾಬ್ರಿಕೇಷನ್ ವರ್ಕ್‌ಶಾಪ್, ಬೈಕಂಪಾಡಿ" ಎಂದಿದ್ದರೆ, ನೀವು ಕಂಕನಾಡಿಯ ಆರನೇ ಮಹಡಿಯ ಟೆರೇಸಿನಲ್ಲಿ ಮಾಡುವ ಕೆಲಸ ಅದರೊಳಗೆ ಬರುತ್ತದೆ ಎಂದು ಹೇಳುವುದು ಕಷ್ಟ. ಸೈಟಿನ ಕೆಲಸ, ಎತ್ತರದ ಕೆಲಸ ಎಂದು ಸ್ಪಷ್ಟವಾಗಿ ಬರೆಸಿ.

ಗಾಳಿ ಮಳೆ. ಕರಾವಳಿಯವರು ಇದನ್ನು ಮೊದಲು ನೋಡಬೇಕು. ನಮ್ಮ ಮಾಮೂಲಿ ಪಬ್ಲಿಕ್ ಲಯಬಿಲಿಟಿ ಪಾಲಿಸಿಗಳಲ್ಲಿ ಬಿರುಗಾಳಿ, ಪ್ರವಾಹ, ಚಂಡಮಾರುತ, ಭೂಕಂಪದಂಥ ಪ್ರಕೃತಿ ವಿಕೋಪದಿಂದ ಬರುವ ಹೊಣೆಯನ್ನು ಹೊರಗಿಟ್ಟಿರುತ್ತಾರೆ. ಹೆಚ್ಚುವರಿ ಪ್ರೀಮಿಯಂ ಕಟ್ಟಿ "ಆಕ್ಟ್ ಆಫ್ ಗಾಡ್" ಎಕ್ಸ್‌ಟೆನ್ಷನ್ ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ಆಟಿ ತಿಂಗಳ (ಜುಲೈ-ಆಗಸ್ಟ್) ಗಾಳಿಗೆ ಟೆರೇಸಿನ ಮೇಲೆ ನೀವು ಹಾಕಿದ ಶೀಟು ಹಾರಿ ಪಕ್ಕದ ಮನೆಯ ಕಾರಿನ ಮೇಲೆ ಬಿದ್ದಾಗ ಮೊದಲ ಜಗಳ ಇಲ್ಲೇ ಶುರುವಾಗುತ್ತದೆ: ಅದು ಗಾಳಿಯ ಕೆಲಸವಾ, ನಿಮ್ಮ ಬೋಲ್ಟಿನ ಕೆಲಸವಾ?

ಕರಾರಿನಿಂದ ಮೈಮೇಲೆ ಎಳೆದುಕೊಂಡ ಹೊಣೆ. ಕಾನೂನು ಪ್ರಕಾರ ನಿಮ್ಮದಲ್ಲದ, ಬರೀ ಕರಾರಿಗೆ ಸಹಿ ಹಾಕಿದ್ದರಿಂದ ಬಂದ ಹೊಣೆಯನ್ನು ಪಾಲಿಸಿಗಳು ಸಾಮಾನ್ಯವಾಗಿ ಹೊರಗಿಡುತ್ತವೆ. "ಯಾರ ತಪ್ಪಾದರೂ ಪೂರ್ತಿ ಕಂಟ್ರಾಕ್ಟರೇ ತುಂಬಬೇಕು" ಎಂಬ ಇಂಡೆಮ್ನಿಟಿ ಷರತ್ತಿಗೆ ಸಹಿ ಹಾಕುವ ಮೊದಲು ಇದನ್ನು ನೆನಪಿಡಿ.

ಕ್ಲೇಮ್ಸ್ ಮೇಡ್ ಅಥವಾ ಅಕರೆನ್ಸ್. ಕ್ಲೇಮ್ಸ್ ಮೇಡ್ ಪಾಲಿಸಿಯಲ್ಲಿ ಕ್ಲೇಮ್ ಬಂದ ದಿನ ಪಾಲಿಸಿ ಚಾಲ್ತಿಯಲ್ಲಿರಬೇಕು, ಘಟನೆಯೂ ಶೆಡ್ಯೂಲಿನ ರೆಟ್ರೊಆಕ್ಟಿವ್ ಡೇಟಿನ ನಂತರದ್ದಾಗಿರಬೇಕು. ಅಕರೆನ್ಸ್ ಪಾಲಿಸಿಯಲ್ಲಿ ಹಾನಿಯಾದ ದಿನ ಪಾಲಿಸಿ ಇದ್ದರೆ ಸಾಕು. ಮೇ ತಿಂಗಳಲ್ಲಿ ಕೆಲಸ, ಸೆಪ್ಟೆಂಬರ್‌ನಲ್ಲಿ ಪಾಲಿಸಿ ಮುಗಿಯಿತು, ನೀವು ರಿನ್ಯೂ ಮಾಡಲಿಲ್ಲ, ನವೆಂಬರ್‌ನಲ್ಲಿ ನೋಟಿಸ್ ಬಂತು. ಕ್ಲೇಮ್ಸ್ ಮೇಡ್ ಆಗಿದ್ದರೆ ನಿಮಗೂ ಇಲ್ಲ, ನೀವು ಸೇರಿಸಿದವರಿಗೂ ಇಲ್ಲ.

ಮಿತಿ ಎಲ್ಲರಿಗೂ ಸೇರಿ ಒಂದೇ. ಒಂದು ಅವಘಡಕ್ಕೆ 50 ಲಕ್ಷ, ವರ್ಷಕ್ಕೆ 1 ಕೋಟಿ ಎಂದಿದ್ದರೆ, ನಿಮ್ಮ ಮೇಲೂ ಅಸೋಸಿಯೇಷನ್ ಮೇಲೂ ಒಟ್ಟಿಗೆ ಕೇಸು ಬಂದಾಗ ಸಿಗುವುದು ಅದೇ 50 ಲಕ್ಷ. ಇಬ್ಬರಿಗೂ ತಲಾ 50 ಅಲ್ಲ. ನಮ್ಮ ಪಬ್ಲಿಕ್ ಲಯಬಿಲಿಟಿ ಪಾಲಿಸಿಗಳಲ್ಲಿ ವಕೀಲರ ಖರ್ಚೂ ಸಾಮಾನ್ಯವಾಗಿ ಇದೇ ಮಿತಿಯೊಳಗೆ. ವರ್ಷದಲ್ಲಿ ಹತ್ತು ಪಾರ್ಟಿಗಳನ್ನು ಸೇರಿಸಿದರೆ ಆ 1 ಕೋಟಿಗೆ ಕೈ ಹಾಕುವವರು ಹತ್ತು ಜನ ಜಾಸ್ತಿ.

## ಹಂತ 3: ಯಾವ ತರದ ಎಂಡಾರ್ಸ್‌ಮೆಂಟ್ ಎಂದು ಆರಿಸಿ

ಸುಮ್ಮನೆ "ಹೆಸರು ಸೇರಿಸಿ" ಎಂದರೆ ಕಂಪನಿಯವರಿಗೆ ಸುಲಭವಾದದ್ದು ಸಿಗುತ್ತದೆ. ನಿಮಗೆ ಬೇಕಾದದ್ದು ಯಾವುದು ಎಂದು ನೀವೇ ಹೇಳಬೇಕು.

ಕೆಲಸ ನಡೆಯುವಾಗಿನ ಕವರ್ ಒಂದು, ಕೆಲಸ ಮುಗಿದ ಮೇಲಿನದ್ದು ಇನ್ನೊಂದು. ಪತ್ತನಾಜೆಯ (ಮೇ ಕೊನೆಯ ಭಾಗದಲ್ಲಿ ಬರುವ, ಮಳೆಗಾಲದ ಹೊಸ್ತಿಲಿನ ದಿನ) ಮೊದಲು ಶೀಟು ಹಾಕಿಸಿ ಮುಗಿಸಬೇಕೆಂಬ ಗಡಿಬಿಡಿ ನಮ್ಮಲ್ಲಿ ಎಲ್ಲರಿಗೂ ಇರುತ್ತದೆ. ಕೆಲಸ ಮೇ ತಿಂಗಳಲ್ಲಿ ಮುಗಿಯುತ್ತದೆ, ಬಿಲ್ ಸೆಟ್ಲ್ ಆಗುತ್ತದೆ. ಜುಲೈಯಲ್ಲಿ ಶೀಟು ಹಾರುತ್ತದೆ. ನಿಮ್ಮ ಎಂಡಾರ್ಸ್‌ಮೆಂಟ್‌ನಲ್ಲಿ "ನಡೆಯುತ್ತಿರುವ ಕೆಲಸಕ್ಕೆ ಮಾತ್ರ" ಎಂಬ ಅರ್ಥದ ಮಾತು ಇದ್ದರೆ ಮೇ ತಿಂಗಳಿಗೇ ಅಸೋಸಿಯೇಷನ್‌ನ ಕವರ್ ಮುಗಿದಿದೆ. ಮಳೆಗಾಲಕ್ಕಾಗಿ ಮಾಡಿಸುವ ಕೆಲಸಕ್ಕೆ ಮಳೆಗಾಲದಲ್ಲಿ ಕವರ್ ಇಲ್ಲದಿದ್ದರೆ ಏನು ಪ್ರಯೋಜನ, ಅಲ್ವಾ? ವಾಟರ್‌ಪ್ರೂಫಿಂಗ್, ಸೋಲಾರ್, ಲಿಫ್ಟ್, ಹೋರ್ಡಿಂಗ್ ಕೆಲಸದವರಿಗೆಲ್ಲ ಇದೇ ಲೆಕ್ಕ. ಒಂದು ಮಾತು: ಹಾರಿದ ಶೀಟನ್ನು ಮತ್ತೆ ಹಾಕುವ ಖರ್ಚು ಲಯಬಿಲಿಟಿ ಪಾಲಿಸಿಯಲ್ಲಿ ಬರುವುದಿಲ್ಲ. ಅದು ಬಿದ್ದು ಹಾಳಾದ ಕಾರಿನದ್ದು ಬರುತ್ತದೆ.

ಅಂಗಡಿ, ಆಫೀಸು ಬಾಡಿಗೆಗೆ ಕೊಟ್ಟ ಮಾಲೀಕರಿಗೆ ಬೇಕಾದದ್ದು ಜಾಗಕ್ಕೆ ಸಂಬಂಧಪಟ್ಟ ಎಂಡಾರ್ಸ್‌ಮೆಂಟ್. ನೀವು ಬಾಡಿಗೆಗೆ ಪಡೆದ ಭಾಗವನ್ನು ಬಳಸುವುದರಿಂದ ಬರುವ ಹೊಣೆಗೆ ಮಾತ್ರ ಅದು. ಇಡೀ ಕಟ್ಟಡದ ಲಿಫ್ಟು ಕೆಟ್ಟರೆ ಮಾಲೀಕರ ಸ್ವಂತ ಪಾಲಿಸಿಯೇ ಗತಿ.

ತುಂಬಾ ಪಾರ್ಟಿಗಳ ಜೊತೆ ಕೆಲಸ ಮಾಡುವವರು ಬ್ಲಾಂಕೆಟ್ ಎಂಡಾರ್ಸ್‌ಮೆಂಟ್ ಕೇಳಬಹುದು. "ಲಿಖಿತ ಕರಾರಿನಲ್ಲಿ ಕೇಳಿರುವ ಎಲ್ಲರೂ" ಎಂದು ಒಂದೇ ಸಲ ಬರೆಯುತ್ತಾರೆ. ಇದರಲ್ಲಿ ಸಿಕ್ಕಿಬೀಳುವುದು "ಲಿಖಿತ" ಎಂಬಲ್ಲಿ. ಫೋನಿನಲ್ಲಿ ಮಾತಾಡಿ ಕೆಲಸ ಶುರು ಮಾಡಿ, ಅವಘಡ ಆದ ಮೇಲೆ ವರ್ಕ್ ಆರ್ಡರ್ ಮಾಡಿಸಿದರೆ ನಡೆಯುವುದಿಲ್ಲ. ಘಟನೆಗೆ ಮೊದಲೇ ಸಹಿ ಆಗಿರಬೇಕು.

### ಗೋಡಂಬಿ, ಮೀನು ರಫ್ತು ಮಾಡುವವರಿಗೆ: ವೆಂಡರ್ಸ್ ಎಂಡಾರ್ಸ್‌ಮೆಂಟ್

ಮಂಗಳೂರು, ಕಾರ್ಕಳ, ಕುಂದಾಪುರ ಕಡೆಯ ಗೋಡಂಬಿ ಕಾರ್ಖಾನೆಯವರಿಗೆ ಅಮೆರಿಕದ ಖರೀದಿದಾರರಿಂದ ಬರುವ ಮೇಲ್‌ನಲ್ಲಿ "ಸಿಜಿ 20 15" ಎಂಬ ನಂಬರ್ ಕಾಣಿಸಬಹುದು. ಅದು ಅಲ್ಲಿ ಬಳಸುವ ವೆಂಡರ್ಸ್ ಎಂಡಾರ್ಸ್‌ಮೆಂಟ್‌ನ, ಅಂದರೆ ನಿಮ್ಮ ಸರಕು ಮಾರುವವರನ್ನು ಪಾಲಿಸಿಗೆ ಸೇರಿಸುವ ಎಂಡಾರ್ಸ್‌ಮೆಂಟ್‌ನ ನಮೂನೆ ಸಂಖ್ಯೆ. ಕಂಟ್ರಾಕ್ಟರ್‌ಗಳಿಗೆ ಸಿಜಿ 20 10 ಎಂದರೆ ನಡೆಯುತ್ತಿರುವ ಕೆಲಸದ್ದು, ಸಿಜಿ 20 37 ಎಂದರೆ ಮುಗಿದ ಕೆಲಸದ್ದು. ನಮ್ಮ ವಿಮಾ ಕಂಪನಿಗಳು ತಮ್ಮದೇ ಒಕ್ಕಣೆಯಲ್ಲಿ ಕೊಟ್ಟರೆ, ಅದು ಸಾಕಾ ಎಂದು ಖರೀದಿದಾರರಿಂದ ಮೇಲ್‌ನಲ್ಲಿ ಒಪ್ಪಿಗೆ ತೆಗೆದುಕೊಳ್ಳಿ.

ಮೊದಲು ನೋಡಬೇಕಾದದ್ದು ಪಾಲಿಸಿಯ ಟೆರಿಟರಿ (ಹಾನಿ ಯಾವ ದೇಶದಲ್ಲಾದರೆ ಕವರ್) ಮತ್ತು ಜ್ಯೂರಿಸ್‌ಡಿಕ್ಷನ್ (ಯಾವ ದೇಶದ ಕೋರ್ಟಿನ ಕೇಸಿಗೆ ಕವರ್). "ಇಡೀ ಜಗತ್ತು, ಅಮೆರಿಕ ಮತ್ತು ಕೆನಡಾ ಬಿಟ್ಟು" ಎಂಬ ಪಾಲಿಸಿಗೆ ನ್ಯೂಜೆರ್ಸಿಯ ಖರೀದಿದಾರರ ಹೆಸರು ಸೇರಿಸಿದರೆ ಅದು ಬರೀ ಕಾಗದ. ಟೆರಿಟರಿಯಲ್ಲಿ ಅಮೆರಿಕ ಇದ್ದು ಜ್ಯೂರಿಸ್‌ಡಿಕ್ಷನ್‌ನಲ್ಲಿ ಭಾರತ ಮಾತ್ರ ಇದ್ದರೂ ಅಲ್ಲಿನ ಕೋರ್ಟಿನ ಕೇಸಿಗೆ ಕವರ್ ಇಲ್ಲ. ಎರಡೂ ಸಾಲು ಓದಿ.

ಇನ್ನು ಎಂಡಾರ್ಸ್‌ಮೆಂಟ್ ಹೊರಗಿಡುವ ವಿಷಯಗಳು. ನೀವು ಡಬ್ಲ್ಯೂ 320 ಗ್ರೇಡಿನ ತಿರುಳನ್ನು ಟಿನ್ ಅಥವಾ ವ್ಯಾಕ್ಯೂಮ್ ಪೌಚ್‌ನಲ್ಲಿ ತುಂಬಿ ಕಳಿಸುತ್ತೀರಿ. ಅದರಲ್ಲಿ ಚಿಪ್ಪಿನ ಚೂರು ಉಳಿದು ಯಾರದೋ ಹಲ್ಲು ಮುರಿಯಿತು. ಖರೀದಿದಾರರು ಅದೇ ಪ್ಯಾಕಿನಲ್ಲಿ ಮಾರಿದ್ದರೆ ಅವರಿಗೆ ನಿಮ್ಮ ಪಾಲಿಸಿಯ ರಕ್ಷಣೆ ಸಿಗಬೇಕು. ಆದರೆ ಅಲ್ಲಿ ಆಗುವುದೇನು? ಹುರಿಯುತ್ತಾರೆ, ಉಪ್ಪು ಹಾಕುತ್ತಾರೆ, ಸಣ್ಣ ಪೊಟ್ಟಣ ಮಾಡುತ್ತಾರೆ, ತಮ್ಮ ಬ್ರಾಂಡಿನ ಲೇಬಲ್ ಅಂಟಿಸುತ್ತಾರೆ, ಬಾದಾಮಿ ದ್ರಾಕ್ಷಿ ಜೊತೆ ಬೆರೆಸುತ್ತಾರೆ. ಸಿಜಿ 20 15ರಲ್ಲಿ ಸರಕಿನ ರೂಪ ಬದಲಿಸುವುದು, ಮರುಪ್ಯಾಕಿಂಗ್, ಹೊಸ ಲೇಬಲ್, ಬೇರೆ ಪದಾರ್ಥದೊಳಗೆ ಬಳಸುವುದು, ನೀವು ಒಪ್ಪದ ಗ್ಯಾರಂಟಿ ಕೊಡುವುದು ಎಲ್ಲವೂ ಹೊರಗೆ. ತಪಾಸಣೆಗೆಂದು ಬಿಚ್ಚಿ ಅದೇ ಡಬ್ಬಿಗೆ ಮತ್ತೆ ತುಂಬಿದರೆ ಮಾತ್ರ ಪರವಾಗಿಲ್ಲ.

ಅಂದರೆ ಹೆಚ್ಚಿನ ಗೋಡಂಬಿ ವ್ಯವಹಾರದಲ್ಲಿ ಖರೀದಿದಾರರು ಕೇಳುವ ಎಂಡಾರ್ಸ್‌ಮೆಂಟ್ ಅವರಿಗೇ ಅರ್ಧ ಉಪಯೋಗಕ್ಕೆ ಬರುವುದಿಲ್ಲ. ಇದನ್ನು ಅವರಿಗೆ ಮೊದಲೇ ಬರೆದು ತಿಳಿಸುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಇಲ್ಲದಿದ್ದರೆ ನಾಳೆ ವಿಮಾ ಕಂಪನಿ ಇಲ್ಲ ಅಂದಾಗ ಅವರು ಇಂಡೆಮ್ನಿಟಿ ಷರತ್ತು ಹಿಡಿದುಕೊಂಡು ನೇರ ನಿಮ್ಮ ಹತ್ತಿರ ಬರುತ್ತಾರೆ. ಮಲ್ಪೆಯಿಂದ ಫ್ರೋಜನ್ ಮೀನು ಕಳಿಸುವವರಿಗೂ ಇದೇ ಮಾತು. ಅಲ್ಲಿ ಮೀನಿನ ತಂಪು ತಪ್ಪಿದ್ದು ಯಾರ ಹತ್ತಿರ ಇದ್ದಾಗ ಎಂಬ ಪ್ರಶ್ನೆ ಹೆಚ್ಚುವರಿ.

## ಹಂತ 4: ಮೇಲ್‌ನಲ್ಲೇ ಕೇಳಿ, ಫೋನಿನಲ್ಲಿ ಬೇಡ

ಮೇಲ್ ಇಂಗ್ಲಿಷಿನಲ್ಲಿ ಕಳಿಸಿದರೂ ಅದರಲ್ಲಿ ಇಷ್ಟು ವಿವರ ಇರಲಿ:

"ನಮ್ಮ ಪಾಲಿಸಿ ಸಂಖ್ಯೆ ____ಗೆ ಈ ಸಂಸ್ಥೆಯನ್ನು ಅಡಿಷನಲ್ ಇನ್ಶೂರ್ಡ್ ಆಗಿ ಸೇರಿಸಬೇಕು. ಪೂರ್ತಿ ಹೆಸರು, ವಿಳಾಸ: ____. ಸಂಬಂಧ: ____ ತಾರೀಕಿನ ವರ್ಕ್ ಆರ್ಡರ್ ಪ್ರಕಾರ ಟೆರೇಸ್ ಶೀಟ್ ಅಳವಡಿಕೆ. ಕೆಲಸದ ಜಾಗ: ____. ಕವರ್ ಬೇಕಾದ ಅವಧಿ: ____ರಿಂದ ____ವರೆಗೆ, ಕೆಲಸ ಮುಗಿದ ಮೇಲೆ ____ ತಿಂಗಳು ಸೇರಿ. ಕರಾರಿನ ವಿಮೆ ಷರತ್ತಿನ ಪುಟ ಲಗತ್ತಿಸಿದೆ. ಎಂಡಾರ್ಸ್‌ಮೆಂಟ್‌ನ ಕರಡು ಒಕ್ಕಣೆ ಮತ್ತು ಹೆಚ್ಚುವರಿ ಪ್ರೀಮಿಯಂ ಮೊದಲು ತಿಳಿಸಿ. ಒಕ್ಕಣೆ ಒಪ್ಪಿದ ಮೇಲೆ ಹಣ ಕಟ್ಟುತ್ತೇವೆ."

ಕರಡು ಕೇಳುವುದು ಇಲ್ಲಿ ಮುಖ್ಯ. ಹೊರಡಿಸಿದ ಮೇಲೆ ತಿದ್ದಿಸುವುದು ದೊಡ್ಡ ಓಡಾಟ.

ಹೆಸರಿನ ವಿಷಯದಲ್ಲಿ ಉದಾಸೀನ ಬೇಡ. ಗೇಟಿನ ಬೋರ್ಡಿನಲ್ಲಿ ಇರುವುದು ಅಪಾರ್ಟ್‌ಮೆಂಟಿನ ಹೆಸರು, ನೋಂದಣಿ ಆಗಿರುವುದು ಓನರ್ಸ್ ಅಸೋಸಿಯೇಷನ್. ಹೋಟೆಲಿನ ಹೆಸರು ಒಂದು, ನಡೆಸುವ ಕಂಪನಿ ಇನ್ನೊಂದು. ದೇವಸ್ಥಾನದ ಜಾತ್ರೆಗೆ ಪೆಂಡಾಲ್, ಲೈಟಿಂಗ್ ಮಾಡುವವರು ಆಡಳಿತ ಮಂಡಳಿಯ ಹೆಸರು ಹಾಕಬೇಕಾ, ಉತ್ಸವ ಸಮಿತಿಯದ್ದಾ ಎಂದು ವರ್ಕ್ ಆರ್ಡರ್ ನೋಡಿಯೇ ಬರೆಯಬೇಕು. ಯಾರು ಸಹಿ ಹಾಕಿದ್ದಾರೋ ಅವರ ಹೆಸರು. "ಮತ್ತು ಅವರ ಗುಂಪಿನ ಎಲ್ಲಾ ಕಂಪನಿಗಳು" ಎಂಬ ಗಾಳಿಮಾತು ಬೇಡ.

## ಹಂತ 5: ಹಣ ಕಟ್ಟಿ, ತಾರೀಕು ನೋಡಿ

ವಿಮಾ ಕಾಯ್ದೆ 1938ರ 64ವಿಬಿ ಸೆಕ್ಷನ್ ಪ್ರಕಾರ ಪ್ರೀಮಿಯಂ ಬಾರದೆ ಕಂಪನಿ ಅಪಾಯವನ್ನು ವಹಿಸಿಕೊಳ್ಳುವಂತಿಲ್ಲ. ಎಂಡಾರ್ಸ್‌ಮೆಂಟ್‌ಗೆ ಹೆಚ್ಚುವರಿ ಪ್ರೀಮಿಯಂ ಹೇಳಿದ್ದರೆ ಅದಕ್ಕೂ ಇದೇ ನಿಯಮ. "ನೀವು ಕೆಲಸ ಶುರು ಮಾಡಿ, ನಾನು ನೋಡಿಕೊಳ್ಳುತ್ತೇನೆ" ಎಂಬ ಮಾತಿಗೆ ಬೆಲೆ ಇಲ್ಲ. ಪ್ರೀಮಿಯಂ ಮೇಲೆ 18 ಶೇಕಡಾ ಜಿಎಸ್‌ಟಿ ಬೇರೆ, ಕೊಟೇಷನ್ ಹಾಕುವಾಗಲೇ ಅದನ್ನು ಸೇರಿಸಿಕೊಳ್ಳಿ. ಕೆಲವು ಸಲ ಪ್ರೀಮಿಯಂ ಇಲ್ಲದೆಯೂ ಹೆಸರು ಸೇರಿಸುತ್ತಾರೆ. ಅದರಲ್ಲಿ ತಪ್ಪಿಲ್ಲ, ಆದರೆ ಆಗ ಒಕ್ಕಣೆಯನ್ನು ಎರಡು ಸಲ ಓದಿ.

ಎಂಡಾರ್ಸ್‌ಮೆಂಟ್ ಜಾರಿಯಾಗುವ ದಿನ, ಕೆಲಸ ಶುರುವಾಗುವ ದಿನಕ್ಕಿಂತ ಮೊದಲು ಇರಬೇಕು. ಸೈಟಿಗೆ ಸಾಮಾನು ಇಳಿಸುವ ದಿನವೂ ಕೆಲಸದ ದಿನವೇ. ಕ್ರೇನಿನಿಂದ ಶೀಟು ಎತ್ತುವಾಗಲೇ ಅವಘಡ ಆಗುವುದು ಹೆಚ್ಚು.

## ಹಂತ 6: ಬಂದ ಎಂಡಾರ್ಸ್‌ಮೆಂಟ್ ಅನ್ನು ಸಾಲು ಸಾಲು ಓದಿ

ಒಂದೇ ಪುಟ ಇರುತ್ತದೆ. ಆದರೂ ಯಾರೂ ಓದುವುದಿಲ್ಲ. ಹೆಸರು, ವಿಳಾಸ, ಪಾಲಿಸಿ ಸಂಖ್ಯೆ, ಎಂಡಾರ್ಸ್‌ಮೆಂಟ್ ಸಂಖ್ಯೆ, ತಾರೀಕು ಎಲ್ಲ ಕೂಡಿಸಿ ನೋಡಿ. ಆಮೇಲೆ ಕ್ರಿಯಾಪದ ಹುಡುಕಿ.

"ಇಂಟರೆಸ್ಟ್ ನೋಟೆಡ್" ಎಂದಷ್ಟೇ ಇದ್ದರೆ ನಿಮಗೆ ಅಡಿಷನಲ್ ಇನ್ಶೂರ್ಡ್ ಸಿಕ್ಕಿಲ್ಲ. ಅವರಿಗೆ ಹಿತಾಸಕ್ತಿ ಇದೆ ಎಂದು ದಾಖಲಿಸಿದ್ದಾರೆ, ಅಷ್ಟೇ. "ಅಡಿಷನಲ್ ಇನ್ಶೂರ್ಡ್" ಅಥವಾ "ಇಂಡೆಮ್ನಿಟಿ ಟು ಪ್ರಿನ್ಸಿಪಲ್" (ಪ್ರಿನ್ಸಿಪಲ್ ಎಂದರೆ ಕೆಲಸ ಕೊಟ್ಟವರು) ಎಂದು ಸ್ಪಷ್ಟವಾಗಿ ಇರಬೇಕು.

"ನಿಮ್ಮ ಕೆಲಸದ ಕಾರಣದಿಂದ" ಎಂಬುದಕ್ಕೂ "ನಿಮ್ಮ ಕೆಲಸದ ಸಂಬಂಧದಲ್ಲಿ ಉಂಟಾದ" ಎಂಬುದಕ್ಕೂ ದೊಡ್ಡ ವ್ಯತ್ಯಾಸ. ಅಮೆರಿಕದ ನಮೂನೆಗಳಲ್ಲಿ ಮೊದಲು "ಅರೈಸಿಂಗ್ ಔಟ್ ಆಫ್" ಎಂಬ ಅಗಲವಾದ ಮಾತು ಇತ್ತು. 2004ರ ಆವೃತ್ತಿಯಲ್ಲಿ ಅದನ್ನು "ಪೂರ್ತಿಯಾಗಿ ಅಥವಾ ಭಾಗಶಃ ನಿಮ್ಮ ಕೃತ್ಯ ಕಾರಣವಾಗಿದ್ದರೆ" ಎಂಬ ಅರ್ಥಕ್ಕೆ ಬಿಗಿ ಮಾಡಿದರು. ನಿಮ್ಮ ಸೈಟಿನಲ್ಲಿ, ಆದರೆ ಅಸೋಸಿಯೇಷನ್‌ನ ವಾಚ್‌ಮನ್ ತಪ್ಪಿನಿಂದ ಯಾರೋ ಬಿದ್ದರು. ಹಳೆಯ ಅಗಲವಾದ ಒಕ್ಕಣೆಯಲ್ಲಿ ಅಸೋಸಿಯೇಷನ್‌ಗೆ ವಾದ ಮಾಡಲು ಜಾಗ ಉಂಟು. ಬಿಗಿ ಮಾಡಿದ್ದರಲ್ಲಿ ಕಷ್ಟ. 2013ರ ಆವೃತ್ತಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಕರಾರಿನಲ್ಲಿ ಕೇಳಿದ್ದಕ್ಕಿಂತ ಹೆಚ್ಚು ಕವರ್ ಇಲ್ಲ, ಮಿತಿಯೂ ಕರಾರಿನಲ್ಲಿ ಹೇಳಿದಷ್ಟು ಅಥವಾ ಪಾಲಿಸಿಯಲ್ಲಿ ಇದ್ದಷ್ಟು, ಯಾವುದು ಕಡಿಮೆಯೋ ಅದು. ನಮ್ಮಲ್ಲಿ ಬರುವ ಒಕ್ಕಣೆ ಬೇರೆ ಇರಬಹುದು, ಓದುವ ಕಣ್ಣು ಮಾತ್ರ ಇದೇ ಇರಲಿ.

ಎಚ್ಚರಿಕೆಯ ಗಂಟೆಗಳು: ಎಂಡಾರ್ಸ್‌ಮೆಂಟ್ ಸಂಖ್ಯೆ ಇಲ್ಲದ ಕಾಗದ. ವಿಮಾ ಕಂಪನಿಯದ್ದಲ್ಲದೆ ಏಜೆಂಟರ ಲೆಟರ್‌ಹೆಡ್‌ನಲ್ಲಿ ಬಂದ ಪತ್ರ. ಕೇಳಿದ ಒಂದು ಗಂಟೆಯೊಳಗೆ ಬಂದ ಸರ್ಟಿಫಿಕೇಟ್. "ಎಲ್ಲ ಕವರ್ ಉಂಟು ಮಾರಾಯ್ರೆ, ತಲೆಬಿಸಿ ಮಾಡ್ಬೇಡಿ" ಎಂಬ ಉತ್ತರ. ಸಂಶಯ ಬಂದರೆ ಪಾಲಿಸಿ ಕೊಟ್ಟ ಬ್ರಾಂಚಿಗೆ ನೇರ ಮೇಲ್ ಹಾಕಿ, ಈ ಸಂಖ್ಯೆಯ ಎಂಡಾರ್ಸ್‌ಮೆಂಟ್ ನಿಮ್ಮಲ್ಲಿ ದಾಖಲಾಗಿದೆಯಾ ಎಂದು ಕೇಳಿ.

## ಹಂತ 7: ಕೆಲಸಗಾರರ ಲೆಕ್ಕ ಬೇರೆ

ನಿಮ್ಮ ಕೆಲಸಗಾರ ಟೆರೇಸಿನಿಂದ ಬಿದ್ದರೆ ಅವರು ಮೂರನೆಯವರಲ್ಲ. ಲಯಬಿಲಿಟಿ ಪಾಲಿಸಿ ಅದಕ್ಕಲ್ಲ, ಅದಕ್ಕೆ ಬೇಕಾದದ್ದು ಎಂಪ್ಲಾಯೀಸ್ ಕಾಂಪೆನ್ಸೇಷನ್ ಪಾಲಿಸಿ, ಅಥವಾ ಇಎಸ್‌ಐ ಅನ್ವಯಿಸುವವರಿಗೆ ಅದು. ಕಂಟ್ರಾಕ್ಟರ್‌ನ ಕೆಲಸಗಾರನಿಗೆ ಗಾಯವಾದರೆ ಪರಿಹಾರವನ್ನು ಕೆಲಸ ಕೊಟ್ಟ ಮೂಲ ಮಾಲೀಕರ ಹತ್ತಿರವೇ ಕೇಳಲು ನಮ್ಮ ಕಾರ್ಮಿಕ ಕಾನೂನಿನಲ್ಲಿ ಅವಕಾಶ ಇದೆ. ಅವರು ಕೊಟ್ಟು, ಆಮೇಲೆ ಕಂಟ್ರಾಕ್ಟರ್‌ನಿಂದ ವಸೂಲಿ ಮಾಡಬೇಕು. ದೊಡ್ಡ ಕಾರ್ಖಾನೆಗಳು, ಬಂದರಿನ ಕೆಲಸ ಕೊಡುವವರು ಗೇಟ್ ಪಾಸಿಗೆ ಮೊದಲೇ ಈ ಪಾಲಿಸಿ ಕೇಳುವುದು ಅದಕ್ಕೇ.

ಹಾಗಾಗಿ ಆ ಪಾಲಿಸಿಯಲ್ಲೂ ಪ್ರಿನ್ಸಿಪಲ್‌ನ ಹೆಸರು ಸೇರಿಸಿ, ಸಬ್ ಕಂಟ್ರಾಕ್ಟರ್‌ನ ಕೆಲಸಗಾರರು ಅದರೊಳಗೆ ಬರುತ್ತಾರಾ ನೋಡಿ. ಶೆಡ್ಯೂಲಿನಲ್ಲಿ ಆರು ಜನ, ಸೈಟಿನಲ್ಲಿ ಹನ್ನೆರಡು ಜನ ಎಂದಾದರೆ ಕ್ಲೇಮ್ ಹೊತ್ತಿಗೆ ಹಾಜರಿ ಪುಸ್ತಕವೇ ನಿಮ್ಮ ವಿರುದ್ಧ ಸಾಕ್ಷಿ.

## ಹಂತ 8: ಕೊಟ್ಟ ಮೇಲೆ ಮರೆಯಬೇಡಿ

ಪಾರ್ಟಿಗೆ ಸರ್ಟಿಫಿಕೇಟ್ ಜೊತೆ ಎಂಡಾರ್ಸ್‌ಮೆಂಟ್ ಪ್ರತಿಯನ್ನೂ ಕಳಿಸಿ. ಒಂದು ಎಕ್ಸೆಲ್ ಹಾಳೆಯಲ್ಲಿ ಪಾರ್ಟಿ, ಎಂಡಾರ್ಸ್‌ಮೆಂಟ್ ಸಂಖ್ಯೆ, ಮುಗಿಯುವ ದಿನ ಬರೆದಿಡಿ. ರಿನ್ಯೂವಲ್ ಆಗುವಾಗ ಹಳೆಯ ಎಂಡಾರ್ಸ್‌ಮೆಂಟ್‌ಗಳು ತಾವಾಗಿ ಹೊಸ ಪಾಲಿಸಿಗೆ ಬರುತ್ತವೆ ಎಂದು ನಂಬಬೇಡಿ. ಕಂಪನಿ ಬದಲಿಸಿದರಂತೂ ಬರುವುದೇ ಇಲ್ಲ. ರಿನ್ಯೂವಲ್ ಕೊಟೇಷನ್ ಕೇಳುವಾಗಲೇ ಪಟ್ಟಿ ಲಗತ್ತಿಸಿ, ರೆಟ್ರೊಆಕ್ಟಿವ್ ಡೇಟ್ ಹಳೆಯದೇ ಮುಂದುವರಿದಿದೆಯಾ ಎಂದೂ ನೋಡಿ.

## ನೀವು ಕೇಳುವ ಕಡೆಯವರಾದರೆ

ಅಸೋಸಿಯೇಷನ್ ಕಾರ್ಯದರ್ಶಿಗಳು, ಹಾಲ್ ಮಾಲೀಕರು, ಹೋಟೆಲಿನವರು: ಟೆಂಡರ್ ಕರೆಯುವಾಗಲೇ ಷರತ್ತು ಬರೆಯಿರಿ. ಆಗ ಕಂಟ್ರಾಕ್ಟರ್ ಅದರ ಖರ್ಚನ್ನು ರೇಟಿಗೆ ಸೇರಿಸಿಕೊಳ್ಳುತ್ತಾರೆ. ಕೆಲಸ ಅರ್ಧ ಆದ ಮೇಲೆ ಕೇಳಿದರೆ ಕಾಟಾಚಾರದ ಕಾಗದ ಸಿಗುತ್ತದೆ. ಊಟದ ಕಂಟ್ರಾಕ್ಟರ್‌ಗಳಾದರೆ ಅವರ ಪಾಲಿಸಿಯಲ್ಲಿ ಆಹಾರ ಮತ್ತು ಪಾನೀಯದ ಎಕ್ಸ್‌ಟೆನ್ಷನ್ ಇದೆಯಾ ಎಂದು ನೋಡಿ. ಅದಿಲ್ಲದ ಪಾಲಿಸಿಗೆ ನಿಮ್ಮ ಹೆಸರು ಸೇರಿದರೆ ಮದುವೆ ಊಟ ಕೆಟ್ಟು ಜನ ಆಸ್ಪತ್ರೆ ಸೇರಿದಾಗ ಏನೂ ಸಿಗುವುದಿಲ್ಲ. ಇನ್ನೊಬ್ಬರ ಪಾಲಿಸಿ ನಂಬಿ ನಿಮ್ಮ ಸ್ವಂತ ಪಾಲಿಸಿ ಬಿಡಬೇಡಿ. ಅವರು ಪ್ರೀಮಿಯಂ ಕಟ್ಟದೆ ಬಿಟ್ಟರೆ, ಪಾಲಿಸಿ ರದ್ದು ಮಾಡಿದರೆ ನಿಮಗೆ ತಿಳಿಸುವವರು ಯಾರೂ ಇಲ್ಲ. ರದ್ದತಿಯ ಮುನ್ಸೂಚನೆ ನಿಮಗೂ ಬರಬೇಕೆಂದು ಎಂಡಾರ್ಸ್‌ಮೆಂಟ್‌ನಲ್ಲೇ ಬರೆಸಬಹುದು, ಕೇಳಿ ನೋಡಿ.

## ಹಂತ 9: ಅವಘಡ ಆದ ದಿನ

ಫೋಟೊ ತೆಗೆಯಿರಿ, ಸಾಮಾನು ಕದಲಿಸಬೇಡಿ, ಗಾಯ ಆದವರನ್ನು ಮೊದಲು ನೋಡಿಕೊಳ್ಳಿ. ಅದೇ ದಿನ ವಿಮಾ ಕಂಪನಿಗೆ ಮೇಲ್ ಹಾಕಿ. ಅದರಲ್ಲಿ ನಿಮ್ಮ ಹೆಸರಿನ ಜೊತೆ ಅಡಿಷನಲ್ ಇನ್ಶೂರ್ಡ್ ಹೆಸರು, ಎಂಡಾರ್ಸ್‌ಮೆಂಟ್ ಸಂಖ್ಯೆ ಎರಡೂ ಇರಲಿ. ನೀವು ತಿಳಿಸಿದರೆ ಅವರದ್ದೂ ಆಯಿತು ಎಂದುಕೊಳ್ಳಬೇಡಿ, ಅವರೂ ಬೇರೆಯಾಗಿ ಬರೆಯಬೇಕು.

ಪಕ್ಕದ ಮನೆಯವರು ವಕೀಲರ ನೋಟಿಸ್ ಕಳಿಸುವುದು ಹೆಚ್ಚಾಗಿ ಅಸೋಸಿಯೇಷನ್ ವಿಳಾಸಕ್ಕೆ. ಅದು ಕಾರ್ಯದರ್ಶಿಯ ಮೇಜಿನಲ್ಲಿ ಮುಂದಿನ ಮೀಟಿಂಗ್‌ವರೆಗೆ ಕೂತರೆ ಕ್ಲೇಮ್ಸ್ ಮೇಡ್ ಪಾಲಿಸಿಯಲ್ಲಿ ಅಷ್ಟರೊಳಗೆ ಪಾಲಿಸಿ ಅವಧಿಯೇ ಮುಗಿದು ಹೋಗಬಹುದು. ನೋಟಿಸ್ ಬಂದ ದಿನವೇ ಸ್ಕ್ಯಾನ್ ಮಾಡಿ ನಿಮಗೂ ವಿಮಾ ಕಂಪನಿಗೂ ಕಳಿಸಬೇಕು ಎಂದು ಕರಾರಿನಲ್ಲೇ ಒಂದು ಸಾಲು ಹಾಕಿ.

ಕಂಪನಿಯ ಒಪ್ಪಿಗೆ ಇಲ್ಲದೆ "ತಪ್ಪು ನಮ್ಮದೇ, ಕಾರಿನ ರಿಪೇರಿ ನಾವು ಕೊಡುತ್ತೇವೆ" ಎಂದು ಬರೆದುಕೊಡಬೇಡಿ, ಹಣವನ್ನೂ ಕೊಡಬೇಡಿ. ನೆರೆಕರೆಯವರ ಮುಖ ನೋಡಿ ಹಾಗೆ ಮಾಡಲು ಮನಸ್ಸಾಗುತ್ತದೆ, ನಿಜ. ಆದರೆ ಪಾಲಿಸಿಯ ಷರತ್ತು ಇದಕ್ಕೆ ಬಿಡುವುದಿಲ್ಲ. ಸರ್ವೇಯರ್ (ನಷ್ಟ ಅಂದಾಜು ಮಾಡಲು ವಿಮಾ ಕಂಪನಿ ಕಳಿಸುವವರು) ಬರುವ ತ‍ನಕ ಕಾಯುತ್ತೇವೆ, ವಿಮಾ ಕಂಪನಿಗೆ ತಿಳಿಸಿದ್ದೇವೆ ಎಂದಷ್ಟೇ ಹೇಳಿ, ಅದನ್ನೇ ಅಸೋಸಿಯೇಷನ್‌ನವರೂ ಹೇಳುವಂತೆ ನೋಡಿಕೊಳ್ಳಿ.